ಕ್ಲಚ್ ವಾಯರಿನ ಕಥೆ, ನಮ್ಮ ಭಾಗದ ಧೂಳಿನ ಕಥೆ

ತೊಗರಿ ರಾಶಿ ಮುಗೀತು, ಚೀಲ ಮನಿ ಸೇರಿದವು. ಅದಕ್ಕ ಈ ಸಲ ಹೊಲದ ಮಾತು ಬಿಟ್ಟು ಗಾಡಿ ಮಾತು. ಹಳೆ ಯೆಜ್ಡಿ, ರಾಜದೂತ್, ಬುಲೆಟ್ ಇನ್ನೂ ದುಡಿಸ್ತಿರೋ ಮೂರ್ನಾಲ್ಕು ಮಂದಿ ಒಂದೇ ಪ್ರಶ್ನೆ ಕೇಳ್ತಾ ಬಂದಾರ: ಕ್ಲಚ್ ವಾಯರ್ ಪದೇ ಪದೇ ಕಡೀತದ, ಯಾವುದು ತಗೋಬೇಕು, ಯಾವ ಎಣ್ಣಿ ಹಾಕಬೇಕು? ಒಂದು ಸಾಲಿನಾಗ ಉತ್ತರ ಕೊಡಬಹುದಿತ್ತು. ಆದರ ಆ ಒಂದು ಸಾಲು ಅರ್ಧ ಮಂದಿಗೆ ಸರಿ, ಇನ್ನರ್ಧ ಮಂದಿಗೆ ತಪ್ಪು ಆಗ್ತಿತ್ತು. ಹೊರಗಿಂದ ಎಲ್ಲಾ ವಾಯರೂ ಕರೇ ಹಾವಿನಂಗ ಒಂದೇ ಥರ ಕಾಣ್ತಾವ. ಒಳಗ ಬ್ಯಾರೆ ಬ್ಯಾರೆ ಕಾಲ ಅಡಗ್ಯಾವ. ಅಜ್ಜನ ಕಾಲದ ವಾಯರಿಗೆ ಎಣ್ಣಿ ಇಲ್ಲಂದ್ರ ಸಾವು, ಈಗಿನ ವಾಯರಿಗೆ ಕೆಲವು ಸಲ ಎಣ್ಣಿಯೇ ಸಾವು. ಯಾಕೆ ಹಂಗ ಅಂತ ತಿಳಿಬೇಕಾದ್ರ ಸ್ವಲ್ಪ ಹಿಂದಕ್ಕ ಹೋಗಬೇಕಾಗ್ತದ. ಉದ್ದ ಅದ, ಕುಂತು ಓದ್ರಿ.

ಪುಸ್ತಕದೊಳಗ ಕಂಟ್ರೋಲ್ ಕೇಬಲ್ ಅಂತ ಬರೀತಾರ. ಸೇಡಂನಿಂದ ಶಹಾಬಾದ್‌ವರೆಗೆ ಯಾವ ಮಿಸ್ತ್ರಿನೂ ಹಂಗ ಅನ್ನಲ್ಲ. ಕ್ಲಚ್ ವಾಯರ್, ಬ್ರೇಕ್ ವಾಯರ್, ಎಕ್ಸಲೇಟರ್ ವಾಯರ್. ನಾನೂ ವಾಯರ್ ಅಂತಲೇ ಬರೀತೀನಿ.

ವಾಯರ್ ಎಳೆದು ದೂರದ ಕೆಲಸ ಮಾಡಿಸೋದು ಗಾಡಿಯವರು ಕಂಡುಹಿಡಿದದ್ದಲ್ಲ. ವಾಡಿ ಜಂಕ್ಷನ್ ನೆನಪು ಮಾಡ್ಕೊಳ್ರಿ. 1874ರಲ್ಲಿ ನಿಜಾಮರ ರೈಲು ಅಲ್ಲಿ ಮುಂಬೈ–ಮದ್ರಾಸ್ ಹಾದಿಗೆ ಕೂಡಿಕೊಂಡಿತು. ಹಳೆ ಕಾಲದ ಕೈಕಂಬದ ಸಿಗ್ನಲ್ಲುಗಳು ನಡೀತಿದ್ದದ್ದೇ ವಾಯರಿನ ಮ್ಯಾಲ. ಕ್ಯಾಬಿನ್ನಿನೊಳಗ ಲಿವರ್ ಎಳೆದ್ರ, ಹಳಿ ಪಕ್ಕದ ಗಾಲಿಗಳ ಮ್ಯಾಲ ಹಾದು ಹೋದ ತಂತಿ ಅಷ್ಟು ದೂರದ ಕೈಯನ್ನ ಇಳಿಸ್ತಿತ್ತು. ಆದರ ಆ ತಂತಿ ಬರೀ ಮೈಯದು. ಮೈಮ್ಯಾಲ ಕವಚ ಇಲ್ಲ. ತಿರುವು ಬಂದಲ್ಲೆಲ್ಲ ಗಾಲಿ ಬೇಕು, ಗಟ್ಟಿ ಗೂಟ ಬೇಕು. ನಮ್ಮ ಬಿಸಿಲಿಗೆ ತಂತಿ ಉದ್ದ ಆಗ್ತದ. 500 ಮೀಟರ್ ಉಕ್ಕಿನ ತಂತಿ 30 ಡಿಗ್ರಿ ಬಿಸಿ ಏರಿದ್ರ ಸುಮಾರು 18 ಸೆಂಟಿಮೀಟರ್ ಹಿಗ್ಗತದ. ಅದಕ್ಕ ಬಿಗಿ ಮಾಡೋ ಚಕ್ರ ಕ್ಯಾಬಿನ್‌ನಲ್ಲೇ ಇರ್ತಿತ್ತು, ಬಿಸಿಲು ನೋಡಿಕೊಂಡು ತಿರುಗಿಸಬೇಕಿತ್ತು.

ಇದೇ ಬರೀ ತಂತಿಯನ್ನ ಸೈಕಲ್ಲಿಗೆ ಕಟ್ಟಿ ನೋಡ್ರಿ. ಹ್ಯಾಂಡಲ್ ತಿರುಗಿದ ಕೂಡ್ಲೇ ತಂತಿ ಒಮ್ಮೆ ಜಗ್ಗತದ, ಒಮ್ಮೆ ಸಡಿಲ ಆಗ್ತದ. ಹಂಗಾಗಿ ಮೊದಲಿನ ಸೈಕಲ್ಲು, ಮೋಟರ್‌ಸೈಕಲ್ಲುಗಳು ಸಲಾಕಿ ಮತ್ತು ಕೀಲುಗಳ ಮ್ಯಾಲ ನಡೀತಿದ್ದವು. ಈಗಲೂ ಹಳೆ ಕಾಲದ ದೊಡ್ಡ ಕರೇ ಸೈಕಲ್ಲಿನ ಬ್ರೇಕಿಗೆ ಸಲಾಕಿ ಅದ ನೋಡ್ರಿ, ಹಾಲಿನವರು ಓಡಸ್ತಿದ್ದದ್ದು. ಗಟ್ಟಿ, ಭಾರ, ಆದರ ತಿರುವಿಗೊಂದು ಕೀಲು, ಕೀಲಿಗೊಂದು ಸಡಿಲು.

1896ರಲ್ಲಿ ಅರ್ನೆಸ್ಟ್ ಮೊನಿಂಗ್ಟನ್ ಬೌಡನ್ ಅನ್ನೋ ಐರಿಷ್ ಮನಿಷ್ಯ ಒಂದು ಪೇಟೆಂಟ್ ಮಾಡಿಸಿದ. ಅವನ ಬುದ್ಧಿ ಇರೋದು ಒಳಗಿನ ತಂತಿಯೊಳಗಲ್ಲ, ಮೇಲಿನ ಕವಚದೊಳಗ. ಉಕ್ಕಿನ ತಂತಿಯನ್ನ ಸ್ಪ್ರಿಂಗಿನಂಗ ಒಂದಕ್ಕೊಂದು ತಾಗಿಸಿ ಸುತ್ತಿ ನಳಿಗೆ ಮಾಡಿದ. ಅದು ಬಳಕ್ತದ, ಆದರ ಉದ್ದಕ್ಕ ಒತ್ತಿದ್ರ ಕುಗ್ಗಲ್ಲ. ಒಳಗಿನ ತಂತಿ ಎಷ್ಟು ಜಗ್ಗತದೋ ಹೊರಗಿನ ನಳಿಗೆ ಅಷ್ಟೇ ಒತ್ತಿಗೆ ಎದೆ ಕೊಡ್ತದ. ಗಾಲಿ ಬ್ಯಾಡ, ಗೂಟ ಬ್ಯಾಡ, ಹ್ಯಾಂಡಲ್ ಎತ್ತ ತಿರುಗಿದ್ರೂ ಚಿಂತಿ ಇಲ್ಲ. ಬಿಸಿಲಿಗೆ ಒಳಗಿಂದೂ ಹೊರಗಿಂದೂ ಎರಡೂ ಉಕ್ಕು, ಕೂಡಿಯೇ ಹಿಗ್ಗತಾವ. ವಾಡಿ ಕ್ಯಾಬಿನ್ನಿನ ತಾಪತ್ರಯ ಇಲ್ಲಿಲ್ಲ. (ರಾಲೀ ಸೈಕಲ್ ಕಂಪನಿ ಕಟ್ಟಿದ ಫ್ರಾಂಕ್ ಬೌಡನ್ ಬ್ಯಾರೆ ಮನಿಷ್ಯ. ಹೆಸರು ಒಂದೇ ಅಂತ ಭಾಳ ಮಂದಿ ಇಬ್ಬರನ್ನೂ ಕಲಸಿಬಿಡ್ತಾರ.)

ಬೌಡನ್‌ನ ಮಾದರಿಗೆ ಒಂದು ಕೊರತೆ ಹುಟ್ಟಿನಿಂದಲೇ ಇತ್ತು. ಉಕ್ಕಿನ ನಳಿಗೆಯೊಳಗ ಉಕ್ಕಿನ ತಂತಿ ಉಜ್ಜತದ. ಇಲ್ಲಿಂದ ಮುಂದಿನ ನೂರು ಚಿಲ್ಲರೆ ವರ್ಷದ ಕಥೆಯೆಲ್ಲ ಈ ಉಜ್ಜಾಟ ಕಡಿಮಿ ಮಾಡೋ ಕಥೆ.

ನಮ್ಮ ಭಾಗಕ್ಕ ಈ ವಾಯರ್ ಹೆಂಗ ಬಂತು? 1956ರ ನವೆಂಬರ್ 1ಕ್ಕ ಗುಲ್ಬರ್ಗಾ ಹೈದ್ರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಅದರ ಹಿಂದಿನ ವರ್ಷವೇ, 1955ರಲ್ಲಿ, ಮದ್ರಾಸಿನಾಗ ಎನ್‌ಫೀಲ್ಡ್ ಇಂಡಿಯಾ ಶುರು ಆಗಿತ್ತು. ಗಡಿ ಕಾಯೋ ಸೈನ್ಯಕ್ಕ 800 ಬುಲೆಟ್ ಬೇಕು ಅಂದದ್ದೇ ಅದಕ್ಕ ಮೂಲ. ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ 1960ರಲ್ಲಿ ಕಟ್ಟಿ, 1961ರಿಂದ ಜಾವಾ 250 ಹೊರಗ ಬಂತು. ಜಾವಾ ಅನ್ನೋದು ಚೆಕೊಸ್ಲೊವಾಕಿಯಾದ ಹೆಸರು. 1929ರಲ್ಲಿ ಯಾನೆಚೆಕ್ ಅನ್ನೋನು ವಾಂಡರರ್ ಕಂಪನಿಯ ಗಾಡಿ ಮಾಡೋ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲ ಅಕ್ಷರ ಕೂಡಿಸಿ ಇಟ್ಟದ್ದು. 1973ರ ಹೊತ್ತಿಗೆ ಅದೇ ಕಾರ್ಖಾನೆಯ ಗಾಡಿ ಯೆಜ್ಡಿ ಆಯ್ತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಎಸ್ಕಾರ್ಟ್ಸ್‌ನವರ ರಾಜದೂತ್ 175 ಪೋಲೆಂಡಿನ ಮಾದರಿ, ಅದೂ 60ರ ದಶಕದ್ದೇ. ಹಿಂಗ ಇಂಗ್ಲೆಂಡ್, ಚೆಕ್, ಪೋಲೆಂಡ್ ಮೂರೂ ನಾಡಿನ ಗಾಡಿ ನಮ್ಮ ಕಲ್ಲಿನ ಗಣಿ, ಹೊಲದ ಗಾಡಿದಾರಿ, ಸಂತಿ ಕಟ್ಟಿಗೆ ಬಂದು ನಿಂತವು. ಮೂರರ ವಾಯರೂ ಬೌಡನ್‌ನದೇ ವಂಶ.

ಈ ಮೂರರೊಳಗ ಜಾವಾದ್ದು ಒಂದು ವಿಶೇಷ ಹೇಳಲೇಬೇಕು. ಕಿಕ್ ಹೊಡೆಯೋ ಸಲಾಕಿಯೇ ಗೇರ್ ಹಾಕೋ ಸಲಾಕಿ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರ, ಗೇರ್ ಸಲಾಕಿ ಕಾಲಿನಿಂದ ಒತ್ತಿದ ಕೂಡ್ಲೇ ಒಳಗಿನ ಒಂದು ಕ್ಯಾಮ್ ತಾನೇ ಕ್ಲಚ್ಚನ್ನ ಬಿಡಸ್ತದ. ಕೈ ಕ್ಲಚ್ ಹಿಡೀದೇ ಗೇರ್ ಬದಲಿಸಬಹುದು. ಆ ಕಾಲದ ಚೆಕ್ ಇಂಜಿನಿಯರುಗಳು ಸವಾರನಿಗೆ ಸುಲಭ ಆಗಲಿ ಅಂತ ಮಾಡಿದ್ದು, ನಮ್ಮ ಮಂದಿಗೆ ಬ್ಯಾರೆ ರೀತಿ ಉಪಯೋಗಕ್ಕ ಬಂತು. ಚಿತ್ತಾಪುರದ ಒಬ್ಬ ಹಿರಿಯರು, ಕಲ್ಲಿನ ವ್ಯಾಪಾರ ಮಾಡ್ತಿದ್ದವರು, ನನಗ ಹೇಳ್ತಿದ್ದರು: ವಾಡಿ ದಾಟಿ ಲಾರಿ ಸಾಲಿನ ನಡುವ ಕ್ಲಚ್ ವಾಯರ್ ಕಡೀತು, ಹಿಂದ ಹೆಂಡತಿ, ಮುಂದ ಟಾಕಿ ಮ್ಯಾಲ ಮಗ. ಕಾಲಿನಿಂದ ನೂಕಿ ಗಾಡಿ ಉರುಳಿಸಿದರು, ಗೇರ್ ಸಲಾಕಿ ಒತ್ತಿ ಹಿಡಿದು ಮೆಲ್ಲಕ ಬಿಟ್ಟರು, ಹಂಗೇ ಮನಿ ಮುಟ್ಟಿದರು. ಅದೇ ಬುಲೆಟ್ ಆಗಿದ್ದರ ಆ ಸೌಲಭ್ಯ ಇಲ್ಲ. ಅದಕ್ಕಿಂತ ಮುಖ್ಯ, ಬ್ರೇಕ್ ವಾಯರ್ ಕಡಿದಿದ್ದರ ಯಾವ ಗಾಡಿಯೊಳಗೂ ಇಂಥ ಉಪಾಯ ಇಲ್ಲ. ಎಕ್ಸಲೇಟರ್ ವಾಯರ್ ಒಳಗೇ ಹಿಡಕೊಂಡು ವಾಪಸ್ ಬರದಿದ್ದರಂತೂ ಇನ್ನೂ ಕೆಟ್ಟದ್ದು. ಮುಂದ ಸಿಮೆಂಟ್ ಲಾರಿ ಬ್ರೇಕ್ ಹಾಕ್ಯಾನ, ನಿಮ್ಮ ಇಂಜಿನ್ ಓಡತಾನೇ ಅದ. ಹತ್ತು ನಿಮಿಷದ ಎಣ್ಣಿ ಕೆಲಸ ಅಂತ ಹಗುರ ಮಾಡಬ್ಯಾಡ್ರಿ ಅನ್ನೋದು ಇದಕ್ಕ.

ಈಗ ಉಜ್ಜಾಟದ ಮಾತು. ಎತ್ತು ಕಟ್ಟಿದ ಹಗ್ಗ ಕೈಯೊಳಗ ಹಿಡಿದ್ರ ಎತ್ತು ನಮ್ಮನ್ನೇ ಎಳಕೊಂಡು ಹೋಗ್ತದ. ಅದೇ ಹಗ್ಗ ಗೂಟಕ್ಕ ಎರಡು ಸುತ್ತು ಹಾಕಿ ತುದಿ ಹಿಡಿದ್ರ ಸಣ್ಣ ಹುಡುಗನೂ ಎತ್ತು ನಿಲ್ಲಸ್ತಾನ. ಸುತ್ತು ಹೆಚ್ಚಾದಂಗ ಹಿಡಿತ ಗುಣಿಸಿ ಹೆಚ್ಚಾಗ್ತದ, ಕೂಡಿಸಿ ಅಲ್ಲ. ವಾಯರಿನೊಳಗೂ ಅದೇ ಲೆಕ್ಕ, ಆದರ ನಮಗ ವಿರುದ್ಧ. ಪ್ರತಿ ಬಾಗು ಗೂಟದ ಸುತ್ತಿನಂಗ ತಂತಿಯನ್ನ ಹಿಡೀತದ. ಎಲ್ಲಾ ಬಾಗು ಕೂಡಿ ಅರ್ಧ ಸುತ್ತು ಆಯ್ತು ಅನ್ಕೊಳ್ರಿ, ಮತ್ತ ಆ ಕಡಿ ತುದಿಗೆ 10 ಕಿಲೋ ಎಳೆತ ಬೇಕು. ಉಜ್ಜಾಟದ ಅಂಕಿ 0.1 ಇದ್ದರ ಈ ಕಡಿಂದ 14 ಕಿಲೋ ಸಾಕು. 0.15 ಆದರ 16 ಕಿಲೋ. ಒಣಗಿ ಜಂಗು ಹಿಡಿದು 0.3 ಆದರ ಹತ್ತಿರ ಹತ್ತಿರ 26 ಕಿಲೋ. ಕ್ಲಚ್ ಬಿಗಿ ಆಗ್ಯಾದ ಅಂತ ಕ್ಲಚ್ ಪ್ಲೇಟ್, ಸ್ಪ್ರಿಂಗ್ ಬದಲಿಸಿದವರ ಗಾಡಿ ನಾನು ಕಂಡೀನಿ. ತಪ್ಪು ಇದ್ದದ್ದು ಟಾಕಿ ಕೆಳಗ ಮಡಚಿ ಕುಂತ ವಾಯರಿನ ಬಾಗಿನೊಳಗ. ಬಾಗು ದೊಡ್ಡದಾಗಿ ಮೆಲ್ಲಕ ತಿರುಗಲಿ, ಮುರಿದಂಗ ಮಡಚಬಾರದು, ಸಿಲಿಂಡರಿಗೂ ಸೈಲೆನ್ಸರಿಗೂ ತಾಗಬಾರದು. ಹೊಸ ಮಾಲಿಗಿಂತ ಇದು ಮೊದಲು.

ಮತ್ತ ಧೂಳು. ಮೈಸೂರಿನಾಗ ಹುಟ್ಟಿದ ಗಾಡಿ ಮೈಸೂರಿನ ಹವಾಕ್ಕ ಸರಿ ಇರಬಹುದು. ಇಲ್ಲಿ ಧೂಳಿನೊಳಗೂ ಜಾತಿ ಅವ. ಶಹಾಬಾದ್, ವಾಡಿ, ಚಿತ್ತಾಪುರದ ಕಲ್ಲಿನ ಪುಡಿ ಬಿಳೀದು, ಸುಣ್ಣದ ಕಲ್ಲು. ನೋಡಾಕ ಭಯಂಕರ, ಆದರ ಉಕ್ಕಿಗಿಂತ ಮೆತ್ತಗ ಅದ, ತಂತಿ ಕೊರೆಯೋದು ಕಡಿಮಿ. ಅದರ ಗುಣ ಎಣ್ಣಿ ಕುಡಿಯೋದು. ಎಣ್ಣಿ ಹೀರಿ ಲಪ್ಪದಂಗ ಆಗಿ ನಳಿಗೆ ತುಂಬತದ. ಸೇಡಂ, ವಾಡಿ ಸುತ್ತ ಸಿಮೆಂಟ್ ಪುಡಿ ಬಂದರ ಮಳಿ ನೀರಿಗೆ ಕೂಡಿ ಒಳಗೇ ಗಟ್ಟಿ ಆಗ್ತದ, ಬ್ಯಾರೆ ಹೇಳಬೇಕಿಲ್ಲ. ಹೊಲದ ಎರಿಮಣ್ಣು ಒಣಗಿದಾಗ ಹಿಟ್ಟು, ಹಸಿ ಆದಾಗ ಉಬ್ಬತದ. ನಿಜವಾಗಿ ತಂತಿ ತಿನ್ನೋದು ಚಿಂಚೋಳಿ ಕಡಿ ಕೆಂಪು ಗರಸಿನೊಳಗಿನ, ಹಳ್ಳದ ಉಸುಕಿನೊಳಗಿನ ಬೆಣಚು. ಅದು ಉಕ್ಕಿಗಿಂತ ಗಟ್ಟಿ. ಎಣ್ಣಿಯೊಳಗ ಕೂಡಿದ್ರ ಅದು ಸಾಣಿ ಹಿಡಿಯೋ ಮಸಾಲಿ ಆಗಿಬಿಡ್ತದ. ಒಂದೊಂದೇ ಎಳಿ ಸವೆದು ತುಂಡಾಗಿ ನಳಿಗೆಯೊಳಗ ಮುಳ್ಳಿನಂಗ ನಿಲ್ತದ. ವಾಯರ್ ಎಳೆದಾಗ ಕರ ಕರ ಅಂದ್ರ ಎಣ್ಣಿ ಕೇಳ್ತದ ಅಂತ ತಿಳೀಬ್ಯಾಡ್ರಿ. ಅದು ಮುರಿದ ಎಳಿ. ಅಂಥ ವಾಯರಿಗೆ ಯಾವ ಔಷಧನೂ ಇಲ್ಲ, ತೆಗೆದು ಒಗೀರಿ.

ಹಳೆ ಮಂದಿ ಏನು ಹಾಕ್ತಿದ್ದರು? ಮನಿಯೊಳಗ ಇದ್ದದ್ದು. ಬಂಡಿ ಅಚ್ಚಿಗೆ ಔಡಲ ಎಣ್ಣಿ ಹಾಕ್ತಿದ್ದವರು ಗಾಡಿ ವಾಯರಿಗೂ ಅದನ್ನೇ ಹಾಕಿದರು. ನಗಬ್ಯಾಡ್ರಿ, ಔಡಲ ಎಣ್ಣಿ ಇಂಜಿನ್ನಿನ ಚರಿತ್ರೆಯೊಳಗ ದೊಡ್ಡ ಹೆಸರು. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಅದನ್ನ ಬೆರೆಸಿ ಇಂಜಿನ್ ಎಣ್ಣಿ ಮಾಡಿತು, ಔಡಲದ ಇಂಗ್ಲಿಷ್ ಹೆಸರಿನಿಂದಲೇ ಕ್ಯಾಸ್ಟ್ರಾಲ್ ಅನ್ನೋ ಹೆಸರು ಹುಟ್ಟಿತು. ಲೋಹಕ್ಕ ಅಂಟಿಕೊಳ್ಳೋ ಗುಣ ಅದಕ್ಕದ. ಆದರ ಭಾಳ ದಪ್ಪ, ಸಣ್ಣ ನಳಿಗೆಯೊಳಗ ಇಳಿಯೋದೇ ಕಷ್ಟ. ಬಂಡಿ ಅಚ್ಚಿಗೆ ಸರಿ, ವಾಯರಿಗೆ ಅಲ್ಲ.

ಇದಕ್ಕಿಂತ ಕೆಟ್ಟದ್ದು ಕುಸುಬಿ ಎಣ್ಣಿ, ಅಗಸಿ ಎಣ್ಣಿ. ನಮ್ಮ ಭಾಗದ ಮನಿ ಮನಿಯೊಳಗ ಇರೋ ಎಣ್ಣಿ ಅಂತ ತುರ್ತಿಗೆ ನಾಲ್ಕು ಹನಿ ಬಿಡೋರು ಈಗಲೂ ಇದ್ದಾರ. ಇವೆರಡೂ ಒಣಗೋ ಎಣ್ಣಿ. ಗಾಳಿ ತಾಗಿದಂಗ ಪೊರೆ ಕಟ್ಟತಾವ. ಅದಕ್ಕೇ ಅಲ್ಲವಾ ಕಟ್ಟಿಗೆಗೆ ಅಗಸಿ ಎಣ್ಣಿ ಬಳಿಯೋದು, ಬಣ್ಣದೊಳಗ ಬೆರೆಸೋದು. ವಾಯರಿನೊಳಗ ಹಾಕಿದ್ರ ಮೊದಲ ವಾರ ಬೆಣ್ಣಿ, ಎರಡು ತಿಂಗಳಿಗೆ ಗೋಂದು. ಎಕ್ಸಲೇಟರ್ ವಾಯರಿಗೆ ಮಾತ್ರ ಎಂದೂ ಬಿಡಬ್ಯಾಡ್ರಿ, ಕೈ ಬಿಟ್ಟರೂ ವಾಪಸ್ ಬರಲ್ಲ.

ಗ್ರೀಸಿನ ಮಾತು ಬ್ಯಾರೆ. ಗ್ರೀಸ್ ದಪ್ಪ, ನಳಿಗೆಯ ಉದ್ದಕ್ಕ ಹರಿಯಲ್ಲ. ಎರಡು ತುದಿಯೊಳಗ ಕುಂತು ಧೂಳು ಹಿಡೀತದ, ನಡುವಿನ ಮೂರಡಿ ಒಣಗೇ ಇರ್ತದ. ಆದರ ನಿಪ್ಪಲ್ಲಿಗೆ ಗ್ರೀಸೇ ಬೇಕು, ಅದನ್ನ ಮುಂದ ಹೇಳ್ತೀನಿ. ಮೀಟರ್ ವಾಯರಿಗೂ ಗ್ರೀಸೇ, ಯಾಕಂದ್ರ ಅದು ಜಗ್ಗೋ ವಾಯರ್ ಅಲ್ಲ, ತಿರುಗೋ ವಾಯರ್. ಅದಕ್ಕೂ ಕೆಳಗಿನ ಮೂರನೇ ಎರಡು ಭಾಗಕ್ಕ ತೆಳ್ಳಗ ಹಚ್ಚಿ ಮೇಲಿನ ಭಾಗ ಒಣಗೇ ಬಿಡಬೇಕು. ತಿರುಗತಾ ತಿರುಗತಾ ಗ್ರೀಸ್ ಮ್ಯಾಲ ಏರಿ ಮೀಟರಿನೊಳಗ ಹೋಗ್ತದ, ಆಮ್ಯಾಲ ಮುಳ್ಳು ಕುಣೀತದ.

ಇನ್ನು ಈಗ ಎಲ್ಲಾ ಗ್ಯಾರೇಜಿನಾಗ ಇರೋ ನೀಲಿ–ಹಳದಿ ಡಬ್ಬಿ, ಡಬ್ಲ್ಯೂಡಿ-40. ಅಮೆರಿಕಾದ ಸ್ಯಾನ್ ಡಿಯೇಗೋದಾಗ 1953ರಲ್ಲಿ ಮಾಡಿದ್ದು. ಹೆಸರಿನ ಅರ್ಥವೇ ನೀರು ತಳ್ಳೋ ದ್ರವ, 40ನೇ ಪ್ರಯತ್ನ. ನೀರು ಹೊರಗ ಹಾಕಾಕ, ಕೊಳಿ ಬಿಡಸಾಕ ಚಲೋ. ಹೊಡೆದ ಕೂಡ್ಲೇ ಕ್ಲಚ್ ಹಗುರಾಗ್ತದ, ಗಿರಾಕಿ ಖುಷಿ ಆಗ್ತಾನ. ಆದರ ಅದು ಬಿಟ್ಟು ಹೋಗೋ ಪದರ ಭಾಳ ತೆಳ್ಳಗ. ಬರೀ ಉಕ್ಕಿನ ವಾಯರಿಗೆ ಅದನ್ನ ಹೊಡೆದು ಕೊಳಿ ತೊಳೆದ ಮ್ಯಾಲ ಎಣ್ಣಿ ಬಿಡದೇ ಹೋದರ ಕೆಲಸ ಅರ್ಧಕ್ಕ ನಿಂತಂಗ.

ಬರೀ ಉಕ್ಕಿನ ವಾಯರ್ ಅಂದೆ ನೋಡ್ರಿ, ಮಾತು ತಿರುಗೋದು ಇಲ್ಲೇ. 1938ರಲ್ಲಿ ಅಮೆರಿಕಾದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಟೆಫ್ಲಾನ್ ಕಂಡ. ನೈಲಾನೂ ಆ ದಶಕದ್ದೇ. ಮುಂದಿನ ದಶಕಗಳೊಳಗ ಈ ಜಾರೋ ಪ್ಲಾಸ್ಟಿಕ್ ವಾಯರಿನ ಹೊಟ್ಟಿಯೊಳಗ ಹೊಕ್ಕಿತು. ಉಕ್ಕಿನ ನಳಿಗೆಯೊಳಗ ಒಂದು ತೆಳ್ಳನ ಕೊಳವಿ, ಅದರೊಳಗ ತಂತಿ. ಉಕ್ಕಿಗೆ ಉಕ್ಕು ಉಜ್ಜೋದು ನಿಂತಿತು. ಬೌಡನ್‌ನ ಕಾಲದಿಂದ ಇದ್ದ ಕೊರತೆಗೆ ಇದು ನಿಜವಾದ ಮದ್ದು.

ನಮ್ಮ ನಾಡಿನೊಳಗ ಇದರ ಕಥೆ ಬೆಂಗಳೂರಿನ ಕೂಡ ಜೋಡಿ ಆಗ್ಯಾದ. 1985ರಲ್ಲಿ ಕೆ. ಅಜಿತ್ ಕುಮಾರ್ ರೈ ಅವರು ಸುಪ್ರಜಿತ್ ಅನ್ನೋ ಕಂಪನಿ ಕಟ್ಟಿದರು, ಟಿವಿಎಸ್ ಗಾಡಿಗಳಿಗೆ ವಾಯರ್ ಕೊಡೋದರಿಂದ ಶುರು ಮಾಡಿ ಈಗ ಜಗತ್ತಿನ ದೊಡ್ಡ ಕೇಬಲ್ ಕಂಪನಿಗಳೊಳಗ ಒಂದಾಗ್ಯಾರ. 2006ರಲ್ಲಿ ಇಂಗ್ಲೆಂಡಿನ ಗಿಲ್ಸ್ ಕೇಬಲ್ಸ್ ಅನ್ನೋ ಹಳೆ ಕಂಪನಿಯನ್ನೇ ಕೊಂಡುಕೊಂಡರು. ಬೌಡನ್ ವಾಯರ್ ಸೈಕಲ್ಲು, ಮೋಟರ್‌ಸೈಕಲ್ಲಿಗೆ ಏರಿದ್ದು ಇಂಗ್ಲೆಂಡಿನಾಗ. ಅಲ್ಲಿನ ವಾಯರ್ ಕಂಪನಿ ನಮ್ಮ ರಾಜ್ಯದವರ ಕೈಗೆ ಬಂತು ಅಂದ್ರ ನನಗ ಸಣ್ಣ ಹೆಮ್ಮಿ ಆಗ್ತದ. ಇದು ಜಾಹೀರಾತಲ್ಲ, ಯಾವ ಕಂಪನಿದು ತಗೊಳ್ರಿ ಅಂತ ನಾನು ಹೇಳಲ್ಲ. ಹೆಂಗ ನೋಡಿ ತಗೋಬೇಕು ಅಂತ ಹೇಳ್ತೀನಿ.

ಒಳಗ ಪ್ಲಾಸ್ಟಿಕ್ ಕೊಳವಿ ಇರೋ ವಾಯರಿಗೆ ಎಣ್ಣಿ ತುಂಬಿದ್ರ ಏನಾಗ್ತದ? ಕೊಳವಿ ಆಗಲೇ ಜಾರತದ, ಎಣ್ಣಿಯ ಲಾಭ ಅಷ್ಟಕ್ಕಷ್ಟೇ. ನಷ್ಟ ಮಾತ್ರ ದೊಡ್ಡದು, ಎಣ್ಣಿ ನಮ್ಮ ಧೂಳನ್ನ ಕರೀತದ. ಸಂದು ಭಾಳ ಸಣ್ಣದು, ಲಪ್ಪ ಕಟ್ಟಿದ್ರ ತಂತಿ ಆಡಾಕ ಜಾಗ ಉಳಿಯಲ್ಲ. ಇಂಥ ವಾಯರಿಗೆ ಒಣಗೇ ಬಿಡೋದು ಮೊದಲ ಆಯ್ಕೆ, ಮಳಿಗಾಲಕ್ಕ ಬೇಕಂದ್ರ ಸಿಲಿಕೋನ್ ಅಥವಾ ಟೆಫ್ಲಾನ್ ಇರೋ ಒಣ ಸ್ಪ್ರೇ ಒಮ್ಮೆ. ಹಳೆ ಮಿಸ್ತ್ರಿ ಎಣ್ಣಿ ಹಾಕು ಅಂತಾನ, ಅಂಗಡಿ ಹುಡುಗ ಹಾಕಬ್ಯಾಡ ಅಂತಾನ. ಇಬ್ಬರೂ ಖರೇ ಹೇಳ್ತಾರ. ಮಿಸ್ತ್ರಿ ತನ್ನ ಕಾಲದ ವಾಯರಿನ ಮಾತಾಡ್ತಾನ, ಹುಡುಗ ತನ್ನ ಕೈಯಾಗಿನ ವಾಯರಿಂದು.

ಯಾವುದು ಯಾವುದು ಅಂತ ಗುರುತು ಹಿಡಿಯೋದು ಸುಲಭ. ತಂತಿಯನ್ನ ಒಂದು ಕಡಿ ಜಗ್ಗಿ, ನಳಿಗೆಯ ಬಾಯಿ ಬೆಳಕಿಗೆ ಹಿಡೀರಿ. ತಂತಿ ಸುತ್ತ ಬಿಳಿ ಅಥವಾ ಹಾಲಿನ ಬಣ್ಣದ ಉಂಗುರ ಕಂಡರ ಕೊಳವಿ ಅದ. ಬರೀ ಸ್ಪ್ರಿಂಗಿನ ಸುತ್ತು ಕಂಡರ ಬರೀ ಉಕ್ಕು. ಅದಕ್ಕ ಎಣ್ಣಿ ಬೇಕೇ ಬೇಕು.

ಹೈದ್ರಾಬಾದ್, ಬೆಂಗಳೂರು ಕಡಿಂದ ಹಳೆ ಜಾವಾ ಹುಡುಕ್ಕೊಂಡು ಬರೋ ಶೋಕಿವಾಲಾ ಮಂದಿಗೆ ಎಲ್ಲಾ ಒರಿಜಿನಲ್ ಬೇಕು, ಬಟ್ಟಿ ಹೆಣೆದ ಹೊದಿಕಿ ಸಹಿತ. ಪ್ರದರ್ಶನಕ್ಕ ನಿಲ್ಲಸೋ ಗಾಡಿಗೆ ಅದು ಶೋಭೆ, ನಾನು ಬ್ಯಾಡ ಅನ್ನಲ್ಲ. ಆದರ ದಿನಾ ಹಾಲಿನ ಕ್ಯಾನು, ಮೇವಿನ ಹೊರಿ ಹೊರೋ ಗಾಡಿಗೆ ನನ್ನ ಮತ ಕೊಳವಿ ಇರೋ ವಾಯರೇ. ಹೊರಗಿನ ರೂಪ ಹಳೇದು ಇರಲಿ, ಹೊಟ್ಟಿ ಹೊಸಾದು ಇರಲಿ.

ತಗೊಳ್ಳೋವಾಗ ಹಳೆ ವಾಯರ್ ಕೈಯೊಳಗ ಹಿಡಕೊಂಡು ಹೋಗ್ರಿ. ಗಾಡಿ ಹೆಸರು ಹೇಳಿದ್ರ ಸಾಲಲ್ಲ, ಯಾಕಂದ್ರ ನಲವತ್ತು ವರ್ಷದೊಳಗ ಯಾರೋ ಹ್ಯಾಂಡಲ್ ಬದಲಿಸಿರ್ತಾರ, ಲಿವರ್ ಬದಲಿಸಿರ್ತಾರ. ಹೊರಗಿನ ಕವಚದ ಉದ್ದ ಒಂದು ಅಳತಿ. ಕವಚ ಬಿಟ್ಟು ಹೊರಗ ಇಣುಕೋ ತಂತಿ ಎಷ್ಟು ಅನ್ನೋದು ಇನ್ನೊಂದು ಅಳತಿ. ಭಾಳ ಮಂದಿ ಮೊದಲನೇದು ಮಾತ್ರ ನೋಡ್ತಾರ. ಎರಡನೇದು ಅರ್ಧ ಇಂಚು ಹೆಚ್ಚುಕಮ್ಮಿ ಆದರ ಅಡ್ಜಸ್ಟರ್ ಪೂರ್ತಿ ಬಿಚ್ಚಿದರೂ ಕ್ಲಚ್ ಬಿಡಲ್ಲ. ನಿಪ್ಪಲ್ ಗುಂಡೋ, ಉದ್ದ ಪೀಪಾಯಿಯೋ, ಲಿವರಿನ ಮನಿಯೊಳಗ ಸರಾಗ ತಿರುಗತದೋ ನೋಡ್ರಿ. ಎಕ್ಸಲೇಟರಿಗೆ ಸಣ್ಣ ತಂತಿ, ಕ್ಲಚ್ಚಿಗೆ, ಬ್ರೇಕಿಗೆ ಸುಮಾರು 2 ರಿಂದ 2.5 ಮಿಲಿಮೀಟರ್ ದಪ್ಪದ್ದು. ಅಗ್ಗದ ನಕಲಿ ಮಾಲಿನೊಳಗ ತಂತಿ ಸಣ್ಣ ಮಾಡಿ, ಮ್ಯಾಲಿನ ಪ್ಲಾಸ್ಟಿಕ್ ದಪ್ಪ ಮಾಡಿರ್ತಾರ. ಕೈಯೊಳಗ ದಪ್ಪ ಅನಸ್ತದ, ರೊಕ್ಕ ಉಳೀತು ಅನಸ್ತದ. ಇನ್ನೊಂದು, ಕವಚದ ಎರಡು ತುದಿ ಹಿಡಿದು ಒತ್ತಿ ನೋಡ್ರಿ. ಸ್ಪಂಜಿನಂಗ ಕುಗ್ಗಿದ್ರ ವಾಪಸ್ ಕೊಡ್ರಿ, ಬ್ರೇಕ್ ಹಿಡಿದಾಗ ನಿಮ್ಮ ಬಲ ಅದನ್ನ ಕುಗ್ಗಸೋದರೊಳಗೇ ಮುಗೀತದ.

ಈಗ ನಿಪ್ಪಲ್. ವಾಯರ್ ಯಾವಾಗಲೂ ಕಡಿಯೋದು ಲಿವರಿನ ಹತ್ತಿರ, ನಿಪ್ಪಲ್ಲಿನ ಬಾಯಿಗೆ. ಯಾಕ? ಲಿವರ್ ಎಳೆದಾಗ ನಿಪ್ಪಲ್ ತನ್ನ ಗೂಡಿನೊಳಗ ತಿರುಗಬೇಕು. ಜಂಗು ಹಿಡಿದು ತಿರುಗದೇ ನಿಂತರ ತಂತಿಯೇ ಬಾಗಬೇಕಾಗ್ತದ. ದಿನಾ ನೂರಾರು ಸಲ ಅದೇ ಜಾಗದೊಳಗ. ಕಬ್ಬಿಣದ ತಂತಿ ಕೈಯಿಂದ ಮುರೀಬೇಕಾದ್ರ ನಾವು ಏನು ಮಾಡ್ತೀವಿ, ಆ ಕಡಿ ಈ ಕಡಿ ಬಾಗಿಸ್ತೀವಿ, ಅದೇ ಕೆಲಸ. ಪದೇ ಪದೇ ವಾಯರ್ ಕಡೀತದ ಅಂದವರು ಮೊದಲು ಲಿವರಿನ ಗೂಡು ಉಜ್ಜಿ, ನಿಪ್ಪಲ್ಲಿಗೆ ಬಟಾಣಿ ಕಾಳಿನಷ್ಟು ಗ್ರೀಸ್ ಹಚ್ಚಿ, ಬೆರಳಿನಿಂದ ತಿರುಗಿಸಿ ನೋಡ್ರಿ. ಹೆಚ್ಚಿನ ಮಂದಿಯ ಕಥೆ ಇಲ್ಲೇ ಮುಗೀತದ.

ಹಿಂದ ಶಹಾಬಾದಿನಾಗ ಒಬ್ಬ ಮಿಸ್ತ್ರಿ ಇದ್ದರು, ಕಾರ್ಖಾನೆ ಕೆಲಸ ಕಲಿತು ಬಂದವರು, ವಾಯರ್ ಸ್ವಂತ ಮಾಡಿ ಕೊಡ್ತಿದ್ದರು. ತಂತಿಯನ್ನ ನಿಪ್ಪಲ್ಲಿನೊಳಗ ತೂರಿಸಿ, ತುದಿಯ ಎಳಿಗಳನ್ನ ಹೂವಿನಂಗ ಬಿಡಿಸಿ, ಆಮ್ಯಾಲ ಬೆಸುಗಿ ಹಾಕ್ತಿದ್ದರು. ಎಳಿ ಬಿಡಿಸದೇ ಬರೀ ಬೆಸುಗಿ ನಂಬಿದ್ರ ಒಂದು ದಿನ ತಂತಿ ಜಾರಿ ಹೊರಗ ಬರ್ತದ. ಕಾವು ಹೆಚ್ಚಾದರೂ ಕೆಟ್ಟದ್ದು. ಉಕ್ಕಿನ ಬಿಗುವು ಹೋಗಿ ಬೆಸುಗಿಯ ಅಂಚಿಗೇ ಕಡೀತದ. ಸ್ಟೇನ್‌ಲೆಸ್ ತಂತಿ ಜಂಗು ಹಿಡಿಯಲ್ಲ, ಆದರ ಅದಕ್ಕ ಬೆಸುಗಿ ಹತ್ತಬೇಕಂದ್ರ ಆಮ್ಲದ ನೀರು ಬೇಕು. ತವರದ ಕೆಲಸ ಮುಗಿದ ಮ್ಯಾಲ ಅದನ್ನ ಬಿಸಿನೀರಿನಾಗ ತೊಳೀಲೇಬೇಕು. ಕಡೀಕ ಅವರು ವಾಯರಿಗೆ 50 ಕಿಲೋ ತೊಗರಿ ಚೀಲ ತೂಗು ಹಾಕಿ ನೋಡ್ತಿದ್ದರು. ನೋಡಿದವರು ನಗ್ತಿದ್ದರು. ಲೆಕ್ಕ ಮಾಡಿದ್ರ ಅದು ನಗೋ ಮಾತಲ್ಲ. ಲಿವರಿನಾಗ ಬೆರಳು ಹಿಡಿಯೋ ಜಾಗ ಕೀಲಿನಿಂದ ನಾಲ್ಕು ಇಂಚು, ನಿಪ್ಪಲ್ ಇರೋದು ಒಂದು ಇಂಚಿನೊಳಗ. ಗಾಬರಿಯೊಳಗ 15 ಕಿಲೋ ಬಲ ಹಾಕಿ ಬ್ರೇಕ್ ಹಿಡಿದ್ರ ತಂತಿ ಮ್ಯಾಲ 60 ಕಿಲೋ ಬೀಳ್ತದ. ಅವರ ಚೀಲ ಅತಿ ಅಲ್ಲ, ಕಡಿಮಿಯೇ. ಈಗ ಐದೂ ಊರಿನಾಗ ಹಂಗ ಮಾಡಿಕೊಡೋರು ನನ್ನ ಕಣ್ಣಿಗೆ ಬಿದ್ದಿಲ್ಲ. ಸ್ಕ್ರೂ ಹಾಕಿ ಬಿಗಿಯೋ ನಿಪ್ಪಲ್ ಅಂಗಡ್ಯಾಗ ಸಿಗತದ, ಕ್ಲಚ್ಚಿಗೆ ಹಾಕ್ಕೊಂಡು ಮನಿ ಮುಟ್ಟಾಕ ಸರಿ. ಮುಂದಿನ ಬ್ರೇಕಿಗೆ ಅದನ್ನ ಹಾಕಿ ತಿಂಗಳುಗಟ್ಟಲೆ ಓಡಸಬ್ಯಾಡ್ರಿ.

ಬರೀ ಉಕ್ಕಿನ ವಾಯರಿಗೆ ಎಣ್ಣಿ ನಾನು ಬಿಡೋದು ಹಿಂಗ. ವಾಯರ್ ಬಿಚ್ಚಿ ಮೊಳಿಗೆ ನೆಟ್ಟಗ ತೂಗು ಹಾಕ್ತೀನಿ. ಮೇಲಿನ ಬಾಯಿಗೆ ಹಾಲಿನ ಪಾಕೀಟಿನ ಮೂಲಿ ಕತ್ತರಿಸಿ ಕೊಳವಿ ಮಾಡಿ ಟೇಪಿನಿಂದ ಬಿಗೀತೀನಿ. ಮೊದಲು ಸೀಮೆಎಣ್ಣಿ ಅಥವಾ ಡೀಸೆಲ್, ತಂತಿ ಮ್ಯಾಲ ಕೆಳಗ ಆಡಿಸ್ತಾ, ಕೆಳಗ ಬೀಳೋ ಹನಿ ಕರೇದು ಹೋಗಿ ತಿಳಿ ಆಗೋವರೆಗೆ. ಒಂದು ದಿನ ಒಣಗಾಕ ಬಿಟ್ಟು, ಆಮ್ಯಾಲ ಹೊಲಿಗಿ ಮಷೀನಿನ ಎಣ್ಣಿ. ಬ್ಯಾಸಗಿಯೊಳಗ 43–44 ಡಿಗ್ರಿ ಬಿಸಿಲಿಗೆ ಅದು ಬೇಗ ಇಳಿದು ಹೋಗ್ತದ, ಅದಕ್ಕ ಕಾಲು ಭಾಗ ಹೊಸ ಇಂಜಿನ್ ಎಣ್ಣಿ ಬೆರೆಸ್ತೀನಿ. ಹೊಸಾದು ಅಂದೆ, ಇಂಜಿನ್ನಿಂದ ಇಳಿಸಿದ ಕರೇ ಎಣ್ಣಿ ಅಲ್ಲ, ಅದರೊಳಗ ಸವೆದ ಲೋಹದ ಪುಡಿ ಇರ್ತದ. ರಾತ್ರಿ ಪೂರ್ತಿ ತೂಗಲಿ. ಬೆಳಿಗ್ಗೆ ಕೆಳಗಿನ ತುದಿಯಿಂದ ಹನಿ ಬಂದಿದ್ದರ ಉದ್ದಕ್ಕೂ ಇಳಿದದ ಅಂತ ಅರ್ಥ. ಹೊರಗ ಬಂದ ಎಣ್ಣಿ ಬಟ್ಟಿಯಿಂದ ಪೂರ್ತಿ ಒರೆಸಬೇಕು, ಧೂಳು ಮೊದಲು ಕೂಡೋದು ಅಲ್ಲೇ. ತುದಿಯ ರಬ್ಬರ್ ಟೊಪ್ಪಿಗಿ ಹರಿದಿದ್ದರ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟತೀನಿ. ರಾಶಿ ಮುಗಿದ ಮ್ಯಾಲ ಒಮ್ಮೆ, ಮಳಿಗಾಲದ ಮುಂಚೆ ಒಮ್ಮೆ.

ಕಟ್ಟಿದ ಮ್ಯಾಲ ಕ್ಲಚ್ ಲಿವರಿನ ಬುಡದಾಗ 2–3 ಮಿಲಿಮೀಟರ್ ಸಡಿಲು ಇರಲಿ. ಪೂರ್ತಿ ಬಿಗಿ ಮಾಡಿದ್ರ ಕ್ಲಚ್ ಜಾರಿ ಪ್ಲೇಟ್ ಸುಡ್ತದ. ಇಂಜಿನ್ ಚಾಲೂ ಇಟ್ಟು, ಗಾಡಿ ನಿಲ್ಲಿಸಿ, ಹ್ಯಾಂಡಲ್ ಎಡಕ್ಕ ಪೂರ್ತಿ, ಬಲಕ್ಕ ಪೂರ್ತಿ ತಿರುಗಿಸಿ ನೋಡ್ರಿ. ಇಂಜಿನ್ ಸಪ್ಪಳ ಏರಿದ್ರ ಎಕ್ಸಲೇಟರ್ ವಾಯರ್ ಎಲ್ಲೋ ಜಗ್ಗತದ, ಆ ಗಾಡಿ ಹಂಗೇ ರಸ್ತೆಗೆ ಇಳಿಸಬ್ಯಾಡ್ರಿ.

ಮತ್ತ ಚಿಂಚೋಳಿ ದಾಟಿ ಕೊಂಚಾವರಂ ಕಾಡಿನ ಕಡಿ, ಗ್ಯಾರೇಜ್ ಇಲ್ಲದ ಹಾದಿಯೊಳಗ ಹೋಗೋರು ಹಳೆ ಮಂದಿ ಮಾಡ್ತಿದ್ದದ್ದನ್ನ ಮಾಡ್ರಿ. ಎರಡನೇ ಕ್ಲಚ್ ವಾಯರನ್ನ ಮೊದಲನೇದರ ಪಕ್ಕದಾಗ, ಅದೇ ಬಾಗಿನೊಳಗ, ಟಾಕಿ ಕೆಳಗಿಂದ ತೂರಿಸಿ ಇಡ್ರಿ. ಕಡಿದ್ರ ಟಾಕಿ ಬಿಚ್ಚೋ ಕೆಲಸ ಇಲ್ಲ, ತುದಿ ಮಾತ್ರ ಬದಲಿಸಿ ಹೋಗೋದು. ಎರಡೂ ತುದಿಗೆ ಟೇಪ್ ಸುತ್ತಿರಿ, ಮಳಿಗಾಲ ಮುಗಿದ ಮ್ಯಾಲ ಬಿಚ್ಚಿ ಒಮ್ಮೆ ಜಗ್ಗಿ ನೋಡ್ರಿ. ಕೆಲಸ ಮಾಡದ ವಾಯರಿನೊಳಗೂ ನೀರು ಇಳಿದಿರ್ತದ.